ಅಕ್ಕನ ಗೋರಿಯ ಮಣ್ಣು

ನನ್ನ ಗಂಡ ಧನಂಜಯ ಚನ್ನಬಸಪ್ಪ ಹುಟ್ಟಿದ್ದು ಗುಳೇದಗುಡ್ಡದಲ್ಲಿ. ಸತ್ತದ್ದು ಆಕ್ಲೆಂಡಿನಲ್ಲಿ, ಹೋದ ವರ್ಷ ಜೂನ್ ಹದಿನಾಲ್ಕಕ್ಕೆ. ಅರವತ್ತೇಳು ವರ್ಷ ಆಗಿತ್ತು. ಎರಡೂ ಕಿಡ್ನಿ ಹೋಗಿದ್ದವು.

ನಮ್ಮ ಕ್ರೈಸ್ತ ಸಭೆಯಲ್ಲಿ ಮಣ್ಣು ಮಾಡುವ ಮುಂಚೆ ಸತ್ತವರ ಜೀವನ ಚರಿತ್ರೆ ಓದುವ ಪದ್ಧತಿ ಇದೆ. ಮಗಳು ಸ್ಮೃತಿ ಬರೆದು ಓದಿದಳು. ಇಂಗ್ಲಿಷಿನಲ್ಲಿ, ಒಂದು ಹಾಳೆ. ಹುಟ್ಟಿದ್ದು, ದೀಕ್ಷಾಸ್ನಾನ, ಮದುವೆ, ಈ ದೇಶಕ್ಕೆ ಬಂದದ್ದು, ಪ್ರತಿ ಭಾನುವಾರ ಸಭೆಗೆ ಎಲ್ಲರಿಗಿಂತ ಮೊದಲು ಹೋಗಿ ಕುರ್ಚಿ ಹಾಕುತ್ತಿದ್ದದ್ದು. ಅದರಲ್ಲಿ ಮದುವೆ ಒಂದೇ ಇತ್ತು. ಅವರಿಗೆ ಎರಡು ಆಗಿತ್ತು.

ಮನೆಗೆ ಬಂದ ಮೇಲೆ ಕೇಳಿದೆ.

"ನಿಮ್ಮವ್ವನ ಹೆಸರು ಯಾಕ ಬಿಟ್ಟಿ?"

"ಇಲ್ಲಿ ಮಂದಿಗೆ ಎಲ್ಲಾ ಬಿಡಿಸಿ ಹೇಳಾಕ ಆಗೂದಿಲ್ಲ ಚಿಗವ್ವ. ಎರಡ ಮದಿವಿ ಅಂದ್ರ ಅಪ್ಪನ್ನ ಬ್ಯಾರೆ ತಿಳೀತಾರ."

ಅದಕ್ಕೆ ನಾನು ಬರೆಯುತ್ತೇನೆ. ಏಳನೇ ಇಯತ್ತೆ ಓದಿದ್ದೇನೆ. ತಪ್ಪು ಇದ್ದರೆ ಇರಲಿ.

ಅವರ ಮೊದಲನೇ ಹೆಂಡತಿ ಚಂದ್ರಿಕಾ. ನನ್ನ ಸ್ವಂತ ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು. ನನ್ನ ಗಂಡ ಖಣ ನೇಯುತ್ತಿದ್ದರು, ಕುಪ್ಪಸದ ಬಟ್ಟೆ. ಅವರ ಅಪ್ಪ ಚನ್ನಬಸಪ್ಪನವರದೂ ಅದೇ ಕೆಲಸ. ಮನೆಯಲ್ಲಿ ಎರಡು ಮಗ್ಗ ಇದ್ದವು. ಅಕ್ಕ ಮದುವೆಯಾಗಿ ಹೋದಾಗ ನಾನು ಹದಿನಾಲ್ಕರವಳು. ಅವರನ್ನು ಮಾಮಾ ಅಂತ ಕರೆಯುತ್ತಿದ್ದೆ. ಸಂತೆಯ ದಿನ ನಮ್ಮ ಮನೆಗೆ ಬಂದರೆ ಚುರಮರಿ ತರುತ್ತಿದ್ದರು. ಅಕ್ಕನಿಗೆ ಒಂದು ಪೊಟ್ಟಣ, ನನಗೆ ಒಂದು.

ಅಕ್ಕ ಕಾಮಣಿಯಾಗಿ, ಮೈ ಕಣ್ಣು ಹಳದಿಯಾಗಿ ಸತ್ತಳು. ಇಪ್ಪತ್ತೈದು ವರ್ಷ. ಸ್ಮೃತಿಗೆ ಮೂರು. ಕೂಸು ನನ್ನ ಹತ್ತಿರ ಮಾತ್ರ ಊಟ ಮಾಡುತ್ತಿತ್ತು. ಆರು ತಿಂಗಳಾದ ಮೇಲೆ ನನ್ನ ಅಪ್ಪ, "ಕೂಸು ಪರರ ಕೈಯಾಗ ಯಾಕ ಬೆಳೀಬೇಕು" ಅಂದ. ಎಲ್ಲರೂ ಹೌದು ಅಂದರು. ನನ್ನನ್ನು ಯಾರೂ ಕೇಳಲಿಲ್ಲ. ಅವರನ್ನೂ ಕೇಳಿರಲಿಕ್ಕಿಲ್ಲ. ಅದೇ ಚರ್ಚು, ಅದೇ ಪಾದ್ರಿ ಅಯ್ಯನವರು. ಅಕ್ಕನ ಮದುವೆಯಲ್ಲಿ ಮಾಮಾ ಹೇಳಿದ ಮಾತನ್ನೇ ನನಗೂ ಹೇಳಿದರು, ಮರಣ ಬಂದು ಅಗಲಿಸುವ ತನಕ ಅಂತ. ಅವರ ದನಿ ನಡುಗಿತು. ನನ್ನದು ನಡುಗಲಿಲ್ಲ. ನನಗೆ ಹತ್ತೊಂಬತ್ತು. ಏನು ಹೇಳುತ್ತಿದ್ದೇನೆ ಅನ್ನುವುದು ತಿಳಿದಿರಲಿಲ್ಲ.

ನನಗೆ ಒಂದು ಹುಟ್ಟಿತು, ಉಳಿಯಲಿಲ್ಲ. ಆಮೇಲೆ ಆಗಲಿಲ್ಲ. ಸ್ಮೃತಿ ನನ್ನನ್ನು ಮೊದಲಿನಿಂದ ಚಿಗವ್ವ ಅಂದಳು. ಅವ್ವ ಅನ್ನು ಅಂತ ಯಾರೂ ಕಲಿಸಲಿಲ್ಲ. ನಾನೂ ಕಲಿಸಲಿಲ್ಲ.

ಅವರು ಅಕ್ಕನ ಗೋರಿಗೆ ದೊಡ್ಡ ಕಲ್ಲು ಹಾಕಿಸಿದ್ದರು. ಒಬ್ಬರಿಗೆ ಅಷ್ಟು ದೊಡ್ಡದು ಬೇಕಿರಲಿಲ್ಲ. ಎಡಗಡೆ ಅಕ್ಕನ ಹೆಸರು. ಬಲಗಡೆ ಖಾಲಿ. ಅದು ಯಾರಿಗೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಈಸ್ಟರ್ ಮುಂಜಾನೆ ಎಲ್ಲರೂ ಗೋರಿ ತೊಳೆದು ಹೂವು ಇಡುತ್ತೇವೆ. ಇಪ್ಪತ್ತನಾಲ್ಕು ಈಸ್ಟರ್ ನಾನು ಆ ಕಲ್ಲು ತಿಕ್ಕಿದೆ. ಖಾಲಿ ಇದ್ದ ಕಡೆಯೂ ತಿಕ್ಕಿದೆ.

ಸ್ಮೃತಿ ನರ್ಸ್ ಓದಿ ಇಲ್ಲಿಗೆ ಬಂದಳು. ನಾಲ್ಕು ವರ್ಷದ ಮೇಲೆ ನಮ್ಮನ್ನೂ ಕರೆಸಿಕೊಂಡಳು. ಅಷ್ಟೊತ್ತಿಗೆ ಮಗ್ಗ ನಿಂತು ಹೋಗಿದ್ದವು. ಅವರು ಊರಿನ ಆಸ್ಪತ್ರೆಯಲ್ಲಿ ಗೇಟು ಕಾಯುತ್ತಿದ್ದರು. ಐವತ್ತಾರು ವರ್ಷದ ಮನುಷ್ಯ ಹೊಸ ದೇಶದಲ್ಲಿ ಏನು ಮಾಡುತ್ತಾನೆ? ಆಕ್ಲೆಂಡಿನ ಪಾಪಟೋಟೊಯಿಯಲ್ಲಿ ಬಾಡಿಗೆ ಮನೆ, ರೈಲು ಹಳಿಯ ಹತ್ತಿರ. ಏರ್‌ಪೋರ್ಟಿನ ಕಡೆ ಒಂದು ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಹೋಟೆಲುಗಳ ಚಾದರ ಒಗೆದು ಇಸ್ತ್ರಿಯಾಗಿ ಬರುತ್ತವೆ, ಅವನ್ನು ಮಡಚುವುದು. ಇನ್ನೊಂದು ತುದಿ ಹಿಡಿಯುತ್ತಿದ್ದವನು ಟೊಂಗಾ ದ್ವೀಪದವನು, ಸಿಯೋನೆ ಅಂತ. ಆನೆ ಇದ್ದ ಹಾಗೆ ಇದ್ದ. ಇವರು ಚಾದರ ಬೆಳಕಿಗೆ ಹಿಡಿದು ನೂಲು ನೋಡುತ್ತಿದ್ದರಂತೆ. "ಅಪ್ಪಾ, ಇದು ಚಾದರ, ಎಕ್ಸ್‌ರೇ ಅಲ್ಲ" ಅಂತ ಅವನು ನಗುತ್ತಿದ್ದನಂತೆ. ಹರಿದದ್ದನ್ನು ಎಸೆಯಲಿಕ್ಕೆ ಇವರಿಗೆ ಮನಸ್ಸು ಬರುತ್ತಿರಲಿಲ್ಲ. ಮನೆಗೆ ತಂದು ನೂಲು ಎಳೆದು ಎಳೆದು ಕೂಡಿಸುತ್ತಿದ್ದರು. ಹರಿದದ್ದು ಎಲ್ಲಿ ಅಂತ ಕಾಣುತ್ತಿರಲಿಲ್ಲ. ನಮ್ಮ ಮನೆಯ ಹಾಸಿಗೆಯ ಮೇಲೆ ಇಂದಿಗೂ ಅವೇ ಇವೆ.

ಒಳ್ಳೆಯ ಮನುಷ್ಯ. ಕುಡಿಯಲಿಲ್ಲ, ಹೊಡೆಯಲಿಲ್ಲ. ನನಗೆ ಮೈ ಸರಿ ಇಲ್ಲದಾಗ ರೊಟ್ಟಿ ಬಡಿಯುತ್ತಿದ್ದರು. ಚಪಾತಿ ಲಟ್ಟಿಸಲಿಕ್ಕೆ ಬರುತ್ತಿರಲಿಲ್ಲ, ರೊಟ್ಟಿ ಬರುತ್ತಿತ್ತು. "ಗಂಡಸು ಬಡದ ರೊಟ್ಟಿ ತಿಂದ್ರ ಮೀಸಿ ಬರ್ತೈತಿ, ನೋಡಕೋ" ಅಂತ ನನ್ನನ್ನು ಕಾಡುತ್ತಿದ್ದರು. ಮೂವತ್ತೈದು ವರ್ಷದಲ್ಲಿ ನಾಲ್ಕು ಸಲ ನನ್ನನ್ನು ಚಂದ್ರೀ ಅಂತ ಕರೆದರು. ನಾಲ್ಕೂ ಸಲ ನಾನು ಓ ಅಂದೆ.

ಸಾಯುವ ಹತ್ತು ದಿನ ಮುಂಚೆ ಆಸ್ಪತ್ರೆಯಲ್ಲಿ ಅವರು ನನ್ನ ಕೈ ಹಿಡಿದರು. ಮಧ್ಯಾಹ್ನ. ಊಟದ ತಟ್ಟೆ ಹಾಗೇ ಇತ್ತು.

"ಸುವಾರ್ತಾ, ಒಂದ ಮಾತು."

"ಹೇಳ್ರಿ."

"ಅಲ್ಲಿ ನನ್ನ ಜಾಗಾ ಖಾಲಿ ಉಳೀತು."

ಎಲ್ಲಿ ಅಂತ ನಾನು ಕೇಳಲಿಲ್ಲ.

"ಆಕಿಗೆ ಮಾತ ಕೊಟ್ಟಿದ್ದೆ, ಬಾಜೂಕ ಬರ್ತೀನಿ ಅಂತ. ಇನ್ನ ಹೆಂಗ ಹೋಗ್ಲಿ? ಅಲ್ಲಿಂದ ಒಂದ ಹಿಡಿ ಮಣ್ಣು ತಾ. ನನ್ನ ಕಲ್ಲು ಇಡೂಮುಂದ ಬುಡಕ ಹಾಕು."

"ನನಗೇನ ಮಾತ ಕೊಟ್ಟೀರಿ?"

ಅವರು ನಕ್ಕರು. ಹಲ್ಲಿನ ಕಟ್ಟು ತೆಗೆದಿದ್ದರು, ಬಾಯಿ ಒಳಗೆ ಹೋಗಿತ್ತು.

"ನಿನಗ ಮಾತ ಕೊಡೂದು ಏನೈತಿ? ನೀ ಇಲ್ಲೇ ಅದಿಯಲ್ಲ."

ಅದು ಪ್ರೀತಿಯೋ ಅಲ್ಲವೋ ನನಗೆ ತಿಳಿಯಲಿಲ್ಲ. ಹೂಂ ಅಂದೆ. ಸ್ಮೃತಿ ಬಾಗಿಲಲ್ಲಿ ನಿಂತಿದ್ದಳು. ಅವಳೂ ಕೇಳಿದಳು.

ಇಲ್ಲಿ ಒಂದೇ ಕುಣಿಯಲ್ಲಿ ಇಬ್ಬರನ್ನು ಇಡುತ್ತಾರೆ, ಒಬ್ಬರ ಮೇಲೆ ಒಬ್ಬರನ್ನು. ಮೊದಲನೆಯವರಿಗೆ ಆಳವಾಗಿ ತೋಡುತ್ತಾರೆ. ಸ್ಮೃತಿ ಸ್ಮಶಾನದವರ ಹತ್ತಿರ ಮಾತಾಡಿ, "ಚಿಗವ್ವ, ಮ್ಯಾಲಿನ ಜಾಗಾ ನಿನಗ" ಅಂದಳು. ಆ ದಿನ ಅದು ಸಮಾಧಾನ ಅನ್ನಿಸಿತು. ಮಣ್ಣು ಕುಳಿತ ಮೇಲೆ ವರ್ಷಕ್ಕೆ ಕಲ್ಲು ಇಡುವುದು. ಮನೆಗೆ ಬಂದು ಕೂತಾಗ ಲೆಕ್ಕ ಹಾಕಿದೆ. ಕೆಳಗೆ ಅವರು, ಮಳೆಗೆ ಇಳಿದು ಅವರ ಮೇಲೆ ಅಕ್ಕನ ಮಣ್ಣು, ಅದರ ಮೇಲೆ ನಾನು. ಸತ್ತ ಮೇಲೂ ನಡುವೆ ಅಕ್ಕ.

ನಾನು ಕೆಟ್ಟವಳಲ್ಲ. ಆದರೆ ಹಾಗೆ ಅನ್ನಿಸಿತು. ಅನ್ನಿಸಿದ್ದನ್ನು ಬರೆಯುತ್ತೇನೆ.

ನಮ್ಮ ಕನ್ನಡ ಸಭೆ ತಿಂಗಳಿಗೆ ಎರಡು ಸಲ ಸೇರುತ್ತದೆ, ಬೇರೆಯವರ ಚರ್ಚಿನ ಹಾಲಿನಲ್ಲಿ. ಜಯಶೀಲ ಅಯ್ಯನವರು ಹುಬ್ಬಳ್ಳಿಯವರು, ಚಿಕ್ಕ ವಯಸ್ಸು. ಓದಲಿಕ್ಕೆ ಬಂದವರು ಇಲ್ಲೇ ಉಳಿದರು. ವಾರವೆಲ್ಲ ಕೊರಿಯರ್ ವ್ಯಾನು ಓಡಿಸುತ್ತಾರೆ, ಭಾನುವಾರ ವಾಕ್ಯ ಹೇಳುತ್ತಾರೆ. ಒಂದು ದಿನ ಆರಾಧನೆ ಮುಗಿದ ಮೇಲೆ ನಾನು ಕಪ್ಪು ತೊಳೆಯುತ್ತಿದ್ದೆ. ಅವರು ಒರೆಸುತ್ತಿದ್ದರು. ಕೇಳಿದೆ.

"ಅಯ್ಯನವರ, ಸತ್ತ ಮ್ಯಾಲ ಅವರು ಯಾರ ಗಂಡ?"

ಅವರು ಕಪ್ಪು ಕೆಳಗೆ ಇಟ್ಟರು. ಅವರಿಗೆ ನಮ್ಮ ಕಥೆ ಗೊತ್ತಿತ್ತು.

"ಆಂಟಿ, ಇದನ್ನ ಯೇಸುಸ್ವಾಮಿಯನ್ನೂ ಕೇಳಿದ್ರು. ಏಳು ಮಂದಿ ಅಣ್ಣತಮ್ಮರು ಇದ್ರು, ಹಿರಿಯಾವ ಒಬ್ಬಾಕೀನ್ನ ಮದಿವ್ಯಾದ. ಒಬ್ಬ ಸತ್ತ ಮ್ಯಾಲ ಇನ್ನೊಬ್ಬ, ಹಿಂಗ ಏಳೂ ಮಂದಿ ಆಕೀನ್ನ ಮದಿವ್ಯಾದ್ರು. ಸತ್ತವರೆಲ್ಲಾ ಎದ್ದು ಬಂದಾಗ ಆಕಿ ಯಾರ ಹೇಣ್ತಿ ಅಂತ ಕೇಳಿದ್ರು. ಅಲ್ಲಿ ಮದಿವಿ ಮಾಡಿಕೊಳ್ಳೂದೂ ಇಲ್ಲ, ಮಾಡಿಕೊಡೂದೂ ಇಲ್ಲ, ದೇವದೂತರ ಹಂಗ ಇರ್ತಾರ ಅಂತ ಸ್ವಾಮಿ ಅಂದ್ರು."

"ಅವರು ಏಳು ಗಂಡಸರೊಳಗ ಯಾರು ಅಂತ ಕೇಳಿದ್ರು. ಆಕಿಗೆ ಯಾರು ಬೇಕಾಗಿದ್ರು ಅಂತ ಯಾರೂ ಕೇಳ್ಲಿಲ್ಲ."

ಅಯ್ಯನವರು ಮತ್ತೆ ಕಪ್ಪು ಎತ್ತಿ ಒರೆಸಿದರು. ಆಮೇಲೆ, "ಅದನ್ನ ನಾ ವಿಚಾರ ಮಾಡಿರ್ಲಿಲ್ಲ" ಅಂದರು.

"ನೀವು ನಿಮ್ಮ ಹೇಣ್ತಿಗೆ ಈ ಮಾತು ಹೇಳೀರೇನು, ಅಲ್ಲಿ ಮದಿವಿ ಇಲ್ಲ ಅಂತ?"

"ಹೇಳೀನಿ. ಚಲೋ ಆತು, ಒಂದ ಸಲಕ್ಕ ಸಾಕಾಗೇತಿ ಅಂದ್ಲು."

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ನನಗೆ ಅಳು ಬಂತು.

"ಹಂಗಾದ್ರ ಮೂವತ್ತೈದು ವರ್ಷ ನಾ ಮಾಡಿದ್ದೇನು? ಆಕೀಗೂ ಇಲ್ಲ, ನನಗೂ ಇಲ್ಲ. ಯಾರಿಗೂ ಇಲ್ಲದ್ದಕ್ಕ ಇಷ್ಟ ಬಡಿದಾಡಿದೆನೇನು?"

"ಪ್ರೀತಿ ಉಳೀತೈತಿ ಆಂಟಿ. ಮದಿವಿ ಈ ಲೋಕದ ಮಟ್ಟಿಗೆ. ಪ್ರೀತಿ ಹಂಗಲ್ಲ."

"ಯಾರದು, ಯಾರ ಮ್ಯಾಲಿಂದು?"

ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವವರಲ್ಲ ಅವರು. ಮಣ್ಣಿನ ಮಾತು ಕೇಳಿದೆ. "ಮಣ್ಣು ಬರೇ ಮಣ್ಣು ಆಂಟಿ. ಹಾಕಿದ್ರ ಅವರು ಒಂದಾಗೂದಿಲ್ಲ, ಹಾಕದಿದ್ರ ಅಗಲೂದಿಲ್ಲ. ಆದ್ರ ಸಾಯೋರಿಗೆ ಹೂಂ ಅಂದೀರಿ" ಅಂದರು.

ಹೂಂ ಅಂದಿದ್ದೆ. ಮಾರ್ಚಿನಲ್ಲಿ ಊರಿಗೆ ಹೋದೆ.

ಗುಳೇದಗುಡ್ಡದಲ್ಲಿ ಬಿಸಿಲು. ಬೆಳಿಗ್ಗೆ ಎಂಟಕ್ಕೇ ಕಲ್ಲು ಕಾದಿತ್ತು. ಅಕ್ಕನ ಗೋರಿಯ ಸುತ್ತ ಒಣಹುಲ್ಲು. ನಾನು ಹೋದ ಮೇಲೆ ಹನ್ನೆರಡು ವರ್ಷ ಯಾರೂ ತಿಕ್ಕಿಲ್ಲ. ಅಕ್ಕನ ಹೆಸರಿನೊಳಗೆ ಧೂಳು ತುಂಬಿತ್ತು. ಖಾಲಿ ಕಡೆ ಯಾವುದೋ ಹುಡುಗರು ಸುಣ್ಣದಿಂದ ಸ್ಟಂಪು ಬರೆದಿದ್ದರು, ಕ್ರಿಕೆಟ್ಟಿಗೆ. ಅಳಿಸಿದೆ.

"ಅಕ್ಕಾ, ಅವರು ಹೋದ್ರು" ಅಂದೆ. "ಅಲ್ಲೇ ಮಣ್ಣ ಮಾಡಿದಿವಿ. ಇಲ್ಲಿಗೆ ಬರೂದಿಲ್ಲ." ಇನ್ನೇನು ಹೇಳಬೇಕೋ ಗೊತ್ತಾಗಲಿಲ್ಲ. ಚಮಚದಿಂದ ಮಣ್ಣು ಕೆದರಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದೆ. ಕೆಂಪು ಮಣ್ಣು, ಸಣ್ಣಗೆ. ನಮ್ಮ ಕಡೆ ಹಿಂಡಿ ಅನ್ನುವ ಖಾರದ ಚಟ್ನಿಪುಡಿಯ ಹಾಗೇ ಕಾಣುತ್ತಿತ್ತು.

ಆ ದಿನ ಸ್ಮೃತಿಗೆ ಫೋನು ಮಾಡಿದೆ.

"ಚಿಗವ್ವ, ಈ ದೇಶದಾಗ ಹೊರಗಿನ ಮಣ್ಣು ಬಿಡೂದಿಲ್ಲ. ಅದರಾಗ ಹುಳಾ, ರೋಗ ಇರ್ತೈತಿ ಅಂತಾರ. ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಸ್ತಿಯಲ್ಲ, ಅದರ ನಡಕ ಇಡು."

"ನರ್ಸ್ ಆಗಿ ಹಿಂಗ ಹೇಳ್ತಿಯಲ್ಲ."

"ನರ್ಸ್ ಆಗಿ ಹೇಳಾಕತ್ತಿಲ್ಲ. ಮಗಳಾಗಿ ಹೇಳಾಕತ್ತೀನಿ. ನನಗ ಅವ್ವಂದು ಒಂದ ಫೋಟೋ ಬಿಟ್ರ ಏನೈತಿ?"

ಮೂರು ಚೀಲ ಮಾಡಿದೆ. ಶೇಂಗಾ ಒಂದು, ಅಗಸಿ ಒಂದು, ನಡುವೆ ಅಕ್ಕ.

ವಿಮಾನದಲ್ಲಿ ಕಾರ್ಡು ಕೊಟ್ಟರು. ಪಕ್ಕದಲ್ಲಿ ಮೈಸೂರಿನ ಹುಡುಗಿ ಕೂತಿದ್ದಳು, ಓದಲಿಕ್ಕೆ ಹೊರಟವಳು. ಅವಳು ನನ್ನದೂ ತುಂಬಿದಳು.

"ಆಂಟಿ, ತಿನ್ನೋದು ಏನಾದ್ರೂ ಇದ್ಯಾ?"

"ಇದೆ, ಹಿಂಡಿ."

"ಮಣ್ಣು, ಮಣ್ಣು ಮೆತ್ತಿರೋ ಚಪ್ಪಲಿ, ಆ ಥರದ್ದು?"

"ಇಲ್ಲ ಅಂತ ಬರಿ."

ಬರೆದಳು. ಕೆಳಗೆ ನಾನು ಸಹಿ ಹಾಕಿದೆ. ಸುಳ್ಳಿಗೆ ಸಹಿ ಹಾಕಿದ್ದು ಜೀವನದಲ್ಲಿ ಅದೇ ಮೊದಲು.

ಆಕ್ಲೆಂಡಿನಲ್ಲಿ ತಿನ್ನುವ ಪದಾರ್ಥ ತಂದವರನ್ನು ಬೇರೆ ಸಾಲಿಗೆ ಕಳಿಸುತ್ತಾರೆ. ಅಲ್ಲಿ ಮೇಜಿನ ಹಿಂದೆ ಒಬ್ಬಳು ಹುಡುಗಿ, ಫಿಜಿಯ ಇಂಡಿಯನ್. ಅವರ ಹಿಂದಿಯಲ್ಲಿ ಮಾತಾಡಿದಳು, ನನಗೆ ಅರ್ಧ ತಿಳಿಯಿತು. ಮೂರೂ ಚೀಲ ಮೇಜಿನ ಮೇಲೆ ಇಟ್ಟಳು. ಶೇಂಗಾದ್ದು ಬಿಚ್ಚಿ ಮೂಸಿದಳು, ಸೀನಿದಳು.

"ಅಬ್ಬಾ ಆಂಟಿ, ಎಷ್ಟು ಖಾರ! ಇದು ತಿಂದು ನೀವು ಬದುಕಿದ್ದೀರಾ?"

"ಅನ್ನದ ಜೊತೆ ತಿನ್ನಬೇಕು. ಮೂಸಬಾರದು" ಅಂದೆ.

ಅವಳು ನಕ್ಕಳು. ಅಗಸಿಯದೂ ಬಿಚ್ಚಿ ನೋಡಿದಳು. ನಡುವಿನದನ್ನು ಬಿಚ್ಚಲಿಲ್ಲ. ಮೂರನ್ನೂ ಚೀಲಕ್ಕೆ ಹಾಕಿ ನನ್ನ ಕಡೆ ಸರಿಸಿದಳು. "ಹೋಗಿ ಆಂಟಿ. ಮನೆಯವರು ಕಾಯ್ತಿರ್ತಾರೆ."

ಹೊರಟೆ. ಗಾಡಿ ತಳ್ಳಿಕೊಂಡು ಹತ್ತು ಹೆಜ್ಜೆ ನಡೆದೆ. ಮುಂದೆ ಬಾಗಿಲು ತಾನೇ ತೆರೆದು ಮುಚ್ಚುತ್ತಿತ್ತು. ತೆರೆದಾಗ ಆ ಕಡೆ ಸ್ಮೃತಿ ಕಂಡಳು. ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದಳು. ಕುತ್ತಿಗೆ ಅಕ್ಕನದೇ.

ನಾನು ತಿರುಗಿದೆ. ಮೇಜಿನ ಹತ್ತಿರ ಹೋದೆ.

"ನಡುವಿಂದು ಹಿಂಡಿ ಅಲ್ಲ. ಮಣ್ಣು."

ಹುಡುಗಿಯ ಮುಖ ಬದಲಾಯಿತು. ಚೀಲ ಎತ್ತಿ ನೋಡಿದಳು. "ಎಲ್ಲಿಯ ಮಣ್ಣು?"

"ನನ್ನ ಅಕ್ಕನ ಗೋರಿದು."

ಅವಳು ನನ್ನನ್ನೇ ನೋಡಿದಳು. "ಆಂಟಿ, ನಾನು ನಿಮ್ಮನ್ನು ಬಿಟ್ಟಾಗಿತ್ತಲ್ಲ" ಅಂದಳು. ಬೈದದ್ದಲ್ಲ. ಅವಳಿಗೂ ಬೇಸರವಾಗಿತ್ತು. ಒಳಗೆ ಹೋಗಿ ದೊಡ್ಡವರನ್ನು ಕೇಳಿ ಬಂದಳು. ನಾನೇ ಬಂದು ಹೇಳಿದ್ದಕ್ಕೆ ದಂಡ ಹಾಕುವುದಿಲ್ಲ, ಮಣ್ಣು ಮಾತ್ರ ಬಿಡಲಿಕ್ಕೆ ಬರುವುದಿಲ್ಲ ಅಂದಳು. "ಪ್ರಾರ್ಥನೆ ಏನಾದರೂ ಮಾಡುವುದಿದ್ದರೆ ಮಾಡಿ. ನಾನು ಕಾಯುತ್ತೇನೆ."

ಮಾಡಲಿಲ್ಲ. "ಒಯ್ಯಿರಿ" ಅಂದೆ.

ಅವಳು ಚೀಲ ಎರಡೂ ಕೈಯಿಂದ ಒಯ್ದಳು. ಯಾರದೋ ಮಗಳು. ಒಳ್ಳೆಯ ಮಗಳು.

ಹೊರಗೆ ಸ್ಮೃತಿ ನನ್ನನ್ನು ತಬ್ಬಿಕೊಂಡಳು. ಕಿವಿಯಲ್ಲಿ, "ತಂದಿಯೇನು?" ಅಂದಳು.

"ತಗೊಂಡ್ರು" ಅಂದೆ.

ಅದು ಸುಳ್ಳಲ್ಲ. ನಿಜವೂ ಅಲ್ಲ.

ಅವಳ ಕೈ ಸಡಿಲಾಯಿತು. ಆಮೇಲೆ ಮತ್ತೆ ಗಟ್ಟಿಯಾಗಿ ಹಿಡಿದುಕೊಂಡಳು. "ಹೋಗ್ಲಿ ಬಿಡು. ನೀ ಅಂಜಿದಿಯೇನು? ಜೋರ ಮಾಡಿದ್ರೇನು?" ಅಂತ ನನಗೇ ಸಮಾಧಾನ ಹೇಳಿದಳು. ಗಾಡಿಯಲ್ಲಿ ಮನೆಯ ತನಕ ಅತ್ತಳು. ಅಳುತ್ತಲೇ ಗಾಡಿ ಓಡಿಸಿದಳು. ನಾನು ಮುಂದೆ ನೋಡುತ್ತ ಕೂತೆ.

ಎರಡು ತಿಂಗಳು ಹೀಗೇ ಹೋಯಿತು. ಅವಳು ಶನಿವಾರ ಶನಿವಾರ ಬರುತ್ತಾಳೆ, ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗುತ್ತಾಳೆ. ಕಲ್ಲಿನವರಿಗೆ ಏನು ಬರೆಸಬೇಕು ಅಂತ ನನ್ನನ್ನೇ ಕೇಳಿದಳು. ಚಂದ್ರಿಕಾ ಮತ್ತು ಸುವಾರ್ತಾ ಇವರ ಗಂಡ ಅಂತ ಬರೆಸುತ್ತೇನೆ ಅಂದಳು. "ವಯಸ್ಸಿನ ಪ್ರಕಾರ ಅವ್ವಂದು ಮೊದಲ ಬರ್ತೈತಿ. ನಿನಗ ನಡೀತೈತಲ್ಲ ಚಿಗವ್ವ?" ನಡೀತೈತಿ ಅಂದೆ. ಅವಳು ನನಗೆ ಒಳ್ಳೆಯದು ಮಾಡಿದಷ್ಟೂ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಕಲ್ಲು ಇಡುವುದಕ್ಕೆ ಎರಡು ವಾರ ಇತ್ತು. ಪಾಪಟೋಟೊಯಿಯ ದೊಡ್ಡ ಬೀದಿಯಲ್ಲಿ, ತರಕಾರಿ ಅಂಗಡಿಯ ಮುಂದೆ ಅವಳು ಗಾಡಿ ನಿಲ್ಲಿಸಿದಳು. ಇಳಿಯಲಿಲ್ಲ. ಫೋನು ತೆಗೆದಳು.

"ಚಿಗವ್ವ, ನಾ ಒಂದ ಕಂಪ್ಲೇಂಟ್ ಬರದೀನಿ. ಏರ್‌ಪೋರ್ಟಿನವರಿಗೆ. ಕೇಳು. ಗಂಡ ಸತ್ತ ಮುದುಕಿ, ಭಾಷೆ ಬರೂದಿಲ್ಲ, ಆಕಿ ಕೈಯಾಗಿಂದ ಅಕ್ಕನ ಗೋರಿ ಮಣ್ಣು ಕಿತ್ತುಗೊಂಡ್ರು, ಒಂದ ಮಾತು ಕೇಳ್ಲಿಲ್ಲ ಅಂತ. ಆ ಆಫೀಸರ್ ಹೆಂಗಿದ್ರು? ಗಂಡಸೋ, ಹೆಂಗಸೋ?"

"ಬರೀಬ್ಯಾಡ."

"ಯಾಕ? ಮಣ್ಣು ಬರ್ಲಿಕ್ಕಿಲ್ಲ, ಗೊತ್ತೈತಿ. ಆದ್ರ ಹಂಗ ನಡ್ಕೊಳ್ಳೂದು—"

"ಯಾರೂ ಕಿತ್ತುಗೊಳ್ಳಲಿಲ್ಲ. ನಾನ ಕೊಟ್ಟೆ."

ಅವಳು ಫೋನು ಕೆಳಗೆ ಇಟ್ಟಳು.

"ಏನಂದಿ?"

"ಬಿಟ್ಟಿದ್ರು. ಹೋಗು ಅಂದಿದ್ಲು ಹುಡುಗಿ. ನಾನ ತಿರುಗಿ ಹೋಗಿ ಹೇಳಿದೆ."

ಅಂಗಡಿಯವನು ಹೊರಗೆ ಬಂದು ಕೊತ್ತಂಬರಿಗೆ ನೀರು ಚಿಮುಕಿಸಿ ಒಳಗೆ ಹೋದ.

"ಯಾಕ?"

"ಸುಳ್ಳು ಹೇಳಿ ತಂದದ್ದನ್ನ ಅವರ ಗೋರಿಗೆ ಹಾಕೂದು ಬ್ಯಾಡ ಅನ್ನಿಸ್ತು."

"ಅಷ್ಟನ?"

"ಅಲ್ಲ. ಅವರಿಗೂ ನನಗೂ ನಡಕ ಆಕಿ ಬರೂದು ಬ್ಯಾಡ ಅನ್ನಿಸ್ತು."

"ಯಾವುದು ಮೊದಲ ಅನ್ನಿಸ್ತು?"

"ಗೊತ್ತಿಲ್ಲ."

"ಸುಳ್ಳ ಹೇಳಬ್ಯಾಡ."

"ಗೊತ್ತಿಲ್ಲವಾ. ಎರಡೂ ಇತ್ತು."

ಅವಳು ಸ್ಟೇರಿಂಗು ಹಿಡಿದುಕೊಂಡಳು. ಗಾಡಿ ನಿಂತೇ ಇತ್ತು. "ಮ್ಯಾಲ ಹೋದಾಗ ಅಪ್ಪಗ ಏನ ಹೇಳ್ತಿ?"

"ಅಲ್ಲಿ ಗಂಡ ಹೇಣ್ತಿ ಇಲ್ಲ. ಅಯ್ಯನವರು ಅಂದಾರ. ನಾ ಅವರಿಗೆ ಹೇಣ್ತಿ ಅಲ್ಲ, ಅವರು ನನಗ ಗಂಡ ಅಲ್ಲ. ಕೇಳೂದಿಲ್ಲ ಅವರು."

"ಅವ್ವಗ?"

ನಾನು ಅಂಗಡಿಯ ಕಡೆ ಮುಖ ತಿರುಗಿಸಿದೆ.

ಅಲ್ಲಿ ಮದುವೆ ಇಲ್ಲ ಅಂದರು. ಅಕ್ಕ ತಂಗಿ ಇಲ್ಲ ಅಂತ ಯಾರೂ ಹೇಳಿಲ್ಲ. ಅಷ್ಟು ದಿನ ಇದು ನನಗೆ ಹೊಳೆದಿರಲಿಲ್ಲ. ಅವರು ನಡುವೆ ಬಂದವರು. ಅಕ್ಕ ನಾನು ಹುಟ್ಟಿದ ದಿನದಿಂದ ಇದ್ದವಳು. ಮದುವೆಯ ಮಾತು ಮರಣದ ತನಕ, ಮುಗಿಯಿತು. ಅಕ್ಕನಿಗೂ ನನಗೂ ಯಾವ ಮಾತೂ ಆಗಿರಲಿಲ್ಲ, ಹಾಗಾಗಿ ಮುಗಿಯುವುದೂ ಇಲ್ಲ. ದೇವರ ಎದುರಿಗೆ ಅವಳು ನಿಂತಿರುತ್ತಾಳೆ. ಗಂಡನನ್ನು ಕೇಳುವುದಿಲ್ಲ. ಒಂದು ಹಿಡಿ ಮಣ್ಣು ಕೇಳುತ್ತಾಳೆ.

ಸ್ಮೃತಿ ನನ್ನನ್ನು ಮನೆಯಲ್ಲಿ ಇಳಿಸಿ ಹೋದಳು. ತರಕಾರಿ ತರಲಿಲ್ಲ.

ಕಲ್ಲು ಇಟ್ಟ ದಿನ ಮಳೆ. ಸಭೆಯಿಂದ ಹನ್ನೆರಡು ಮಂದಿ ಬಂದಿದ್ದರು, ಸಿಯೋನೆಯೂ ಬಂದಿದ್ದ. ಅಯ್ಯನವರು ಪ್ರಾರ್ಥನೆ ಮಾಡಿದರು. ಸ್ಮೃತಿ ಕಲ್ಲಿನ ಆ ಕಡೆ ನಿಂತಳು, ನಾನು ಈ ಕಡೆ. ಕಲ್ಲಿನ ಬುಡಕ್ಕೆ ಇಲ್ಲಿನ ಮಣ್ಣೇ ಹಾಕಿದರು, ಕಪ್ಪು ಮಣ್ಣು, ಹಸಿ. ಎರಡು ಹೆಸರೂ ಕಲ್ಲಿನ ಮೇಲೆ ಇದ್ದವು. ಅಕ್ಕನದು ಮೊದಲು. ಸ್ಮೃತಿ ತನ್ನ ಮಾತು ಬದಲಿಸಿರಲಿಲ್ಲ, ನನ್ನ ಹೆಸರು ತೆಗೆಸಿರಲಿಲ್ಲ. ಅದು ನನಗೆ ಇನ್ನೂ ಚುಚ್ಚಿತು.

ಎರಡು ಶನಿವಾರ ಅವಳು ಬರಲಿಲ್ಲ. ಬೇಕಾದದ್ದನ್ನು ನಾನೇ ನಡೆದು ಹೋಗಿ ತಂದೆ. ಮೂರನೇ ಶನಿವಾರ ಬಂದಳು. ಚಪ್ಪಲಿ ಬಿಟ್ಟು, ನೇರ ಅಡುಗೆಮನೆಗೆ ಬಂದು ಕುರ್ಚಿಯ ಮೇಲೆ ಕೂತಳು. ನಾನು ರೊಟ್ಟಿ ಬಡಿಯುತ್ತಿದ್ದೆ.

"ಅವ್ವನ ಬಗ್ಗೆ ಹೇಳು" ಅಂದಳು. "ಅಪ್ಪಗ ಹೆಂಗಿದ್ಲು ಅಂತ ಅಲ್ಲ. ನಿನಗ ಹೆಂಗಿದ್ಲು. ನೀ ಯಾವತ್ತೂ ಹೇಳಿಲ್ಲ."

"ಏನ ಹೇಳ್ಲಿ?"

"ಏನರ. ಮಣ್ಣಂತೂ ತರಲಿಲ್ಲ."

ಹೇಳಿದೆ. ಜಡೆ ಹಾಕಿದರೆ ಕಣ್ಣು ಎಳೆಯುವಷ್ಟು ಬಿಗಿ ಹಾಕುತ್ತಿದ್ದಳು. ನಾನು ಸುತ್ತಿದ ನೂಲು ಸಡಿಲಾದರೆ ಕೈಗೆ ಹೊಡೆಯುತ್ತಿದ್ದಳು, ಹೊಡೆದ ಮೇಲೆ ತಾನೇ ಊದುತ್ತಿದ್ದಳು. ಕುಂಟಬಿಲ್ಲೆಯಲ್ಲಿ ಮೋಸ ಮಾಡುತ್ತಿದ್ದಳು, ಹಿಡಿದರೆ ದೇವರಾಣೆ ಅನ್ನುತ್ತಿದ್ದಳು, ಆಣೆ ಅಪ್ಪನ ಕಿವಿಗೆ ಬಿದ್ದರೆ ಬಡಿಯುತ್ತಿದ್ದ. ಸ್ಮೃತಿಗೆ ನಗು ಬಂತು. ಆಮೇಲೆ ಯಾರಿಗೂ ಹೇಳದೆ ಇದ್ದದ್ದನ್ನೂ ಹೇಳಿದೆ.

"ಕಾಮಣಿ ಆಗಿ ಮಲಗಿದ್ಲು. ಹುಳಿ ಕೊಡಬಾರದು ಅಂದಿದ್ರು ಎಲ್ಲಾರೂ. ಮಾವಿನಕಾಯಿ ತಂದ ಕೊಡು ಅಂತ ನನ್ನ ಮುಂದ ಅತ್ಲು. ಕದ್ದು ಕೊಟ್ಟೆ, ಉಪ್ಪು ಖಾರ ಹಚ್ಚಿ. ತಿಂದ್ಲು. ನಾಕ ದಿನಕ್ಕ ಹೋದ್ಲು. ನಾನ ಕೊಂದೆ ಅಂತ ತಿಳಿದೀನಿ. ಆಕೀನ್ನ ಕಳಿಸಿ ಆಕಿ ಜಾಗಾದಾಗ ನಾ ಕುಂತೆ ಅಂತ."

ಒಲೆಯ ಮೇಲೆ ರೊಟ್ಟಿ ಹೊತ್ತಿತು. ಸ್ಮೃತಿಯೇ ಎದ್ದು ತೆಗೆದಳು.

"ಮಾವಿನಕಾಯಿ ತಿಂದು ಯಾರೂ ಸಾಯೂದಿಲ್ಲ ಚಿಗವ್ವ. ಲಿವರ್ ಹೋಗಿರ್ತೈತಿ. ಅಮೃತ ಕೊಟ್ಟಿದ್ರೂ ಹೋಗ್ತಿದ್ಲು." ನರ್ಸಿನ ದನಿಯಲ್ಲಿ ಹೇಳಿದಳು, ವಾರ್ಡಿನಲ್ಲಿ ಹೇಳುವ ಹಾಗೆ. ನನ್ನ ಕಡೆ ನೋಡದೆ ಹೇಳಿದಳು. "ತಿಂದಾಗ ಖುಷಿ ಆದ್ಲೇನು?"

"ಬೆರಳ ಚೀಪಿದ್ಲು."

"ಹಂಗಾದ್ರ ಅದನ್ನ ಬಿಡು. ಮಣ್ಣಿಂದು ಬ್ಯಾರೆ. ಅದನ್ನ ನಾ ಇನ್ನೂ ಬಿಟ್ಟಿಲ್ಲ."

"ಬಿಡಬ್ಯಾಡ" ಅಂದೆ.

ಅವಳು ಹೊತ್ತಿದ ರೊಟ್ಟಿಯನ್ನೇ ಮುರಿದು, ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದಳು. ನಾನು ಇನ್ನೊಂದು ಬಡಿದೆ. ಮತ್ತೆ ಏನು ನೆನಪಿದೆ ಅಂತ ಕೇಳಿದಳು.